ಪಾಳಿ

ವಡಾಲಾದ ನಮ್ಮ ಶಾಲೆಗೆ ಎರಡು ಗಂಟೆ:
ಒಂದು ಜವಾನ ಬಾರಿಸುವ ಹಿತ್ತಾಳೆಯದು,
ಇನ್ನೊಂದು ಹಾರ್ಬರ್ ಲೈನಿನ ಲೋಕಲ್ಲು.
ಅದು ಬಂದರೆ ಕಿಟಕಿಯ ಸರಳು ನಡುಗಿ
ಕರಿಹಲಗೆಯ ಒತ್ತಕ್ಷರಗಳು ಉದುರಿದಂತಾಗಿ
ವಾರಿಜಾ ಟೀಚರು ಸೀಮೆಸುಣ್ಣ ಎತ್ತಿ ಹಿಡಿದು ನಿಲ್ಲುವರು.
"ಹೋಗಲಿ ಅದು," ಅನ್ನುವರು.
ಹೋಗುವುದು. ಪಾಠ ಬಿಟ್ಟಲ್ಲಿಂದ ಹೊರಡುವುದು.

ಆ ಇಪ್ಪತ್ತು ಸೆಕೆಂಡು ನನ್ನವು.
ಯಾರಿಗೂ ಏನೂ ಕೇಳದ ಆ ಸದ್ದಿನೊಳಗೆ
ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದೆ:
ಲೆಕ್ಕದ ಉತ್ತರ ಹೇಳುತ್ತಿದ್ದೆ,
ಬೆಳಿಗ್ಗೆ ನುಂಗಿದ ಹಾಜರಿ ಹೇಳುತ್ತಿದ್ದೆ,
ಹಿಂದಿನ ಬೆಂಚಿನ ಮೌನೇಶನಿಗೆ
(ಹೆಸರಷ್ಟೇ ಮೌನೇಶ)
ಜಡಿ ಬಿಡೋ ಮೂಳಾ, ಅನ್ನುತ್ತಿದ್ದೆ.
ರೈಲು ದಾಟಿತೋ, ಅರಿವೆ ಕಟ್ಟಿದ ಗಡಿಗೆ ನನ್ನ ಬಾಯಿ.

ನಸುಕಿನ ನಾಲ್ಕಕ್ಕೆ ಗಲ್ಲಿಗೆ ನೀರು.
ಅವ್ವ ಕೂಲಿನಾಕಾಕ್ಕೆ ಹೊರಡಬೇಕು, ನೀರು ನನ್ನ ಪಾಲಿಗೆ.
ಸಾಲಿನಲ್ಲಿ ಮೂರನೆಯದಾಗಿ ಇಟ್ಟ ನೀಲಿ ಕೊಡ
ಒಂಬತ್ತನೆಯದಾಗಿ ತುಂಬುತ್ತಿತ್ತು.
ಯಾರದೋ ಕಾಲು ಅದನ್ನು ಸರಿಸುವಾಗ
ನಾನು ಬೇರೆಲ್ಲೋ ನೋಡುತ್ತಿದ್ದೆ.
"ಬಾಯಾಗ ಏನ್ ಇಟ್ಕೊಂಡೀಯೇ ಬಸಲಿಂಗಿ, ಅವಲಕ್ಕಿ?"
ಅವ್ವ ಕೇಳಿದರೆ ಅದಕ್ಕೂ ಉತ್ತರವಿಲ್ಲ.

ಭಾಷಣ ಸ್ಪರ್ಧೆಗೆ ಚೀಟಿ ಎತ್ತಿದರು. ನನ್ನ ಹೆಸರೇ ಬಂತು.
ವಿಷಯ: ನೀರಿನ ಮಿತಬಳಕೆ.
ಟೀಚರು ಒಂದೂವರೆ ಪುಟ ಬರೆದುಕೊಟ್ಟರು.
ಅವರು ಕಾರ್ಕಳದ ಕಡೆಯವರು, ಅವರ ಕನ್ನಡ
ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದ್ದು.
ನನ್ನದು ಸುರಪುರದಿಂದ ಗಂಟು ಕಟ್ಟಿ
ಬುತ್ತಿಯ ಜೊತೆ ರೈಲಿನಲ್ಲಿ ತಂದದ್ದು.
'ಮಾನ್ಯ ನಿರ್ಣಾಯಕರೇ' ಅನ್ನುವಲ್ಲೇ
ನಾಲಿಗೆಗೆ ಚಪ್ಪಲಿ ಕಚ್ಚುತ್ತಿತ್ತು.
ಹದಿನಾಲ್ಕು ದಿನ, ರೈಲಿನಡಿಯಲ್ಲಿ, ಬಾಯಿಪಾಠ ಮಾಡಿದೆ.

ಆ ದಿನ ಹತ್ತು ಹೆಜ್ಜೆ ನಡೆದು ಮೈಕಿನ ಮುಂದೆ ನಿಂತೆ.
ಒಂದೂವರೆ ಪುಟದಲ್ಲಿ ಒಂದಕ್ಷರ ಉಳಿದಿರಲಿಲ್ಲ.
ಫ್ಯಾನಿನ ಮೂರನೆಯ ರೆಕ್ಕೆ
ಎಲ್ಲೋ ತಗಲಿ ಟಕ್ ಅನ್ನುವುದು ಕೇಳಿತು.
ನಿರ್ಣಾಯಕಿಯ ಬಳೆ, ಬಸಿಯ ಮೇಲೆ ಕೂತ ಕಪ್ಪು,
ನನ್ನದೇ ಎಂಜಲು ಗಂಟಲಲ್ಲಿ ಇಳಿಯುವ ಸದ್ದು,
ಅದೂ ಮೈಕಿನಲ್ಲಿ.
ಮೌನೇಶ ನಗಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಆಗ ಸರಳು ನಡುಗಿತು.
ಮೂಲೆಯಲ್ಲಿ ವಾರಿಜಾ ಟೀಚರು, ಕೈಯಲ್ಲಿ ಸುಣ್ಣವಿಲ್ಲದೆಯೂ,
ಅಭ್ಯಾಸಬಲದಿಂದ ಕೈ ಎತ್ತಿದರು: ಹೋಗಲಿ ಅದು.
ನಾನು ಬಿಡಲಿಲ್ಲ. ಅದು ನನ್ನ ಹೊತ್ತು.
"ನಮ್ಮ ಗಲ್ಲಿಯಾಗ ನಾಕಕ್ಕ ನೀರ್ ಬರ್ತಾವ್ರಿ"
ಎಂದು ಶುರುಮಾಡಿದೆ, ಯಾರಿಗೂ ಕೇಳದಂತೆ, ಜೋರಾಗಿ.
ಕೊಡ ಹೇಳಿದೆ, ಸಾಲು ಹೇಳಿದೆ,
ಸರಿಸಿದ ಕಾಲಿನ ಬೆಳ್ಳಿಯುಂಗುರ ಹೇಳಿದೆ.
ರೈಲು ಯಾವಾಗ ದಾಟಿತೋ ಗೊತ್ತಾಗಲಿಲ್ಲ.
ಕೋಣೆಯ ತುಂಬ ಯಾರೋ ಮಾತಾಡುತ್ತಿದ್ದರು.
ಪಕ್ಕದವರ ತಂತಿಯ ಮೇಲೆ ಒಣಗುವ ಲಂಗ
ಇದ್ದಕ್ಕಿದ್ದಂತೆ ನಂದೇ ಎಂದು ಗುರುತು ಹತ್ತಿದ ಹಾಗೆ.
ಬಿಡಬಹುದಿತ್ತು.
"ಮಿತ ಬಳಸ್ರಿ ಅಂತೀರಿ. ನಮಗ ಸಿಗೋದು ಎರಡ ಕೊಡ.
ಅದರಾಗ ಯಾವ್ದು ಉಳಸ್ಲಿ, ನೀವೇ ಹೇಳ್ರಿ."
ಗಂಟೆ ಬಿತ್ತು. ವಂದನೆ ಹೇಳುವುದು ಮರೆತೇ ಇಳಿದೆ.

ಬಹುಮಾನ ಬರಲಿಲ್ಲ.
ಹಾಳೆಯಲ್ಲಿ ಬರೆದಿದ್ದರಂತೆ: ಭಾಷೆ ಶುದ್ಧವಿಲ್ಲ.
ಟೀಚರು ಏನೂ ಹೇಳದೆ
ಡಬ್ಬಿಯಲ್ಲಿ ಉಳಿದಿದ್ದ ನೀರುದೋಸೆ ಅಂಗೈಗಿಟ್ಟರು.

ಮರುದಿನ ನಾಲ್ಕಕ್ಕೆ
ಮೊದಲ ಲೋಕಲ್ಲು ಇನ್ನೂ ಹೊರಟಿರಲಿಲ್ಲ.
ಬೆಳ್ಳಿಯುಂಗುರದ ಕಾಲು ಬಂತು, ನೀಲಿ ಕೊಡಕ್ಕೆ ತಗಲಿತು.
"ಮಾವಶಿ, ಪಾಳಿ ನಂದು."
ಮರಾಠಿಯಲ್ಲಿ ಅಂದೆನೋ, ನಮ್ಮದರಲ್ಲೋ.
ಹೊಟ್ಟೆ ಹಿಂದಿನಂತೆಯೇ ನಡುಗುತ್ತಿತ್ತು.
ಅವಳು ನನ್ನನ್ನು ನೋಡಿದಳು, ಕಾಲು ತೆಗೆದಳು.

ತುಂಬಿದ ಕೊಡ ತುಳುಕುವುದಿಲ್ಲ ಅಂತ ಪಾಠದಲ್ಲಿತ್ತು.
ನನ್ನದು ಗಲ್ಲಿಯುದ್ದಕ್ಕೂ ತುಳುಕಿತು.